ತೋರಿಸಿ, ಕೊಡಬೇಡಿ: ಲಸಿಕೆ ಸರ್ಟಿಫಿಕೇಟ್ ಓದುವ, ಇಟ್ಟುಕೊಳ್ಳುವ ಬಗೆ

2021ರ ಡಿಸೆಂಬರ್ 2ರಂದು ದೇಶದ ಮೊದಲ ಎರಡು ಓಮಿಕ್ರಾನ್ ಪ್ರಕರಣಗಳು ಕರ್ನಾಟಕದಲ್ಲೇ ಪತ್ತೆಯಾದ ಸುದ್ದಿ ಬಂತು. ಮರುದಿನ ಶುಕ್ರವಾರ ರಾಜ್ಯ ಸರ್ಕಾರದ ಆದೇಶ ಹೊರಬಿತ್ತು: ಮಾಲ್, ಸಿನಿಮಾ ಮಂದಿರಗಳಿಗೆ ಎರಡೂ ಡೋಸ್ ಲಸಿಕೆ ಆದವರಿಗಷ್ಟೇ ಪ್ರವೇಶ. ಶ್ರೀಮುರಳಿಯ ‘ಮದಗಜ’ ತೆರೆಗೆ ಬಂದದ್ದೂ ಅದೇ ಶುಕ್ರವಾರ. ಟಿಕೆಟ್ ಹರಿಯುವವನ ಪಕ್ಕದಲ್ಲಿ ಇನ್ನೊಬ್ಬ ನಿಂತು ‘ಸರ್ಟಿಫಿಕೇಟ್ ತೋರ್ಸಿ’ ಅನ್ನತೊಡಗಿದ. ಅಲ್ಲಿಯವರೆಗೆ ಎಸ್ಸೆಮ್ಮೆಸ್ಸಿನ ಒಂದು ಲಿಂಕ್ ಆಗಿ ಮೊಬೈಲಿನ ಮೂಲೆಯಲ್ಲಿ ಬಿದ್ದಿದ್ದ ಪಿಡಿಎಫ್ ರಾತ್ರಿ ಬೆಳಗಾಗುವುದರಲ್ಲಿ ಗೇಟ್‌ಪಾಸ್ ಆಗಿಬಿಟ್ಟಿತ್ತು.

ಮೈಸೂರಿನ ಹೂಟಗಳ್ಳಿಯವರಿಗೆ ಗೇಟ್‌ಪಾಸ್ ಹೊಸದಲ್ಲ. ಹುಣಸೂರು ರಸ್ತೆಯಿಂದ ಒಳಕ್ಕೆ ತಿರುಗಿದರೆ ಕೈಗಾರಿಕಾ ಪ್ರದೇಶ. ಅತ್ತ ಬೆಳವಾಡಿ ಕಡೆಗೆ ಬೆಮೆಲ್, ಇತ್ತ ಕೂರ್ಗಳ್ಳಿ, ಹೆಬ್ಬಾಳ, ಮೇಟಗಳ್ಳಿಯ ದೊಡ್ಡ ಕಾರ್ಖಾನೆಗಳು, ಅವುಗಳ ನಡುವೆ ಲೆಕ್ಕಕ್ಕೆ ಸಿಗದಷ್ಟು ಸಣ್ಣ ಶೆಡ್ಡುಗಳು. ಪಾಳಿ ಬದಲಾಗುವ ಹೊತ್ತಿನಲ್ಲಿ ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡೇ ಟೀ ಕುಡಿಯುವವರ ಊರು ಇದು. ಹಾಗಾಗಿ ಲಸಿಕೆ ಸರ್ಟಿಫಿಕೇಟಿನ ಬಿಸಿ ಇಲ್ಲಿಯವರಿಗೆ ಎರಡು ಕಡೆಯಿಂದ ತಟ್ಟಿತು. ಭಾನುವಾರ ಸಂಸಾರ ಸಮೇತ ಜಯಲಕ್ಷ್ಮಿಪುರಂನ ಬಿಎಂ ಹ್ಯಾಬಿಟಾಟ್ ಮಾಲ್‌ಗೋ ಮಾಲ್ ಆಫ್ ಮೈಸೂರಿಗೋ ಹೋದರೆ ಅಲ್ಲಿಯ ಬಾಗಿಲಲ್ಲಿ, ಸೋಮವಾರ ಕೆಲಸಕ್ಕೆ ಹೊರಟರೆ ಕಾರ್ಖಾನೆಯ ಬಾಗಿಲಲ್ಲಿ.

ಆ ಆದೇಶ ಈಗಿಲ್ಲ. 2022ರ ಜನವರಿಯಲ್ಲಿ ಹೋಟೆಲು, ಬಾರು, ಪಬ್ಬುಗಳಿಗೂ ಅದು ವಿಸ್ತರಿಸಿತು. ಫೆಬ್ರುವರಿ 5ರಿಂದ ಚಿತ್ರಮಂದಿರಗಳಲ್ಲಿ ಪೂರ್ತಿ ಸೀಟು ತುಂಬಿಸಲು ಅನುಮತಿ ಸಿಕ್ಕಿತು. ಆಮೇಲೆ ಕೇಳುವವರೂ ಕಡಿಮೆಯಾದರು, ತೋರಿಸುವವರೂ ಮರೆತರು. ಆದರೂ ಇದನ್ನು ಈಗ ಬರೆಯುವುದಕ್ಕೆ ಕಾರಣವಿದೆ. ಆ ಕಾಗದದ ಹಿಂದಿದ್ದ ಏರ್ಪಾಡು ಎಲ್ಲೂ ಹೋಗಿಲ್ಲ. ಮಕ್ಕಳ ಲಸಿಕೆಗೆ ಯು-ವಿನ್, ಆಸ್ಪತ್ರೆ ದಾಖಲೆಗೆ ಆಭಾ ಸಂಖ್ಯೆ ಎಂದು ಬೇರೆ ಬೇರೆ ಹೆಸರಲ್ಲಿ ಅದು ಮನೆಮನೆಗೆ ಬರುತ್ತಿದೆ. ಮುಂದೊಂದು ಸಾಂಕ್ರಾಮಿಕ ಬಂದರೆ ಮೊದಲು ಕೇಳುವುದು ಇಂಥದ್ದೇ ಒಂದು ಕ್ಯೂಆರ್ ಕೋಡು. ಕಳೆದ ಸಲ ಅದನ್ನು ಓದಲು ನಮಗೂ ಬರಲಿಲ್ಲ, ಬಾಗಿಲಲ್ಲಿ ನಿಂತಿದ್ದವರಿಗೂ ಬರಲಿಲ್ಲ.

ಕಾಗದದಲ್ಲಿ ಏನಿದೆ

ನಿಮ್ಮ ಸರ್ಟಿಫಿಕೇಟನ್ನು ಒಮ್ಮೆ ತೆರೆದು ನೋಡಿ. ಹೆಸರು, ವಯಸ್ಸು, ಲಿಂಗ, ಯಾವ ಗುರುತಿನ ಚೀಟಿ ತೋರಿಸಿದಿರಿ, ಫಲಾನುಭವಿಯ ಉಲ್ಲೇಖ ಸಂಖ್ಯೆ, ಲಸಿಕೆಯ ಹೆಸರು, ಹಾಕಿದ ದಿನಾಂಕ, ಬ್ಯಾಚ್ ಸಂಖ್ಯೆ, ಹಾಕಿದವರ ಹೆಸರು, ಹಾಕಿದ ಜಾಗ ಎಲ್ಲ ಇರುತ್ತದೆ. ಆಗ ಇಳಿಸಿಕೊಂಡದ್ದಾದರೆ ಕೆಳಗೆ ಪ್ರಧಾನಿಯವರ ಚಿತ್ರ. ಒಂದೇ ಡೋಸ್ ಆಗಿದ್ದರೆ ಅದು ತಾತ್ಕಾಲಿಕ ಪ್ರಮಾಣಪತ್ರ, ಎರಡೂ ಆಗಿದ್ದರೆ ಅಂತಿಮ. ಬಾಗಿಲಲ್ಲಿ ನಿಂತವರು ಇವೆಲ್ಲದರ ಮೇಲೆ ಕಣ್ಣು ಹಾಯಿಸಿ, ಬಹುಪಾಲು ಆ ಚಿತ್ರ ಕಂಡರೆ ಸಾಕೆಂದು ‘ಹೋಗಿ ಹೋಗಿ’ ಅಂದುಬಿಡುತ್ತಿದ್ದರು. ಚಿತ್ರ ಯಾರ ಮೊಬೈಲಿನಲ್ಲಾದರೂ ಒಂದೇ. ಪಿಡಿಎಫಿನಲ್ಲಿ ಹೆಸರು ಬದಲಿಸಿಕೊಡುವುದು ಫೋಟೊ ಎಡಿಟ್ ಮಾಡಲು ಬರುವ ಯಾವ ಹುಡುಗನಿಗಾದರೂ ಹತ್ತು ನಿಮಿಷದ ಕೆಲಸ.

ಅಸಲಿ ವಿಷಯ ಇರುವುದು ಮೂಲೆಯ ಆ ಚೌಕದಲ್ಲಿ. ಅದು ಪೇಟಿಎಂ, ಫೋನ್‌ಪೇ ಚೌಕದ ಹಾಗೆ ಬರೀ ಒಂದು ವಿಳಾಸವಲ್ಲ. ಸರ್ಟಿಫಿಕೇಟಿನ ಸಂಗತಿಗಳನ್ನೆಲ್ಲ ಕುಗ್ಗಿಸಿ, ಕಟ್ಟು ಕಟ್ಟಿ, ಅದರ ಮೇಲೊಂದು ಡಿಜಿಟಲ್ ಸಹಿ ಹಾಕಿ ಆ ಚೌಕದೊಳಗೆ ತುಂಬಿಟ್ಟಿದ್ದಾರೆ. ಒಂದಕ್ಷರ ಬದಲಾದರೂ ಸಹಿ ಹೊಂದುವುದಿಲ್ಲ. ಈ ಏರ್ಪಾಡಿನ ತಂತ್ರಾಂಶದ ಹೆಸರು ಡಿವೋಕ್. ಇದನ್ನು ರೂಪಿಸಿದ್ದು ನಮ್ಮ ಬೆಂಗಳೂರಿನ ಇ-ಗವ್ ಫೌಂಡೇಷನ್. ಯಾರು ಬೇಕಾದರೂ ಬಳಸಬಹುದಾದ ಮುಕ್ತ ತಂತ್ರಾಂಶವಾಗಿಯೇ ಅದನ್ನು ಹೊರತಂದರು.

ಮೊಬೈಲಿನ ಮಾಮೂಲಿ ಸ್ಕ್ಯಾನರ್ ಹಿಡಿದು ಈ ಚೌಕವನ್ನು ಓದಿಸಿದವರಿಗೆ ಪರದೆಯ ಮೇಲೆ ಕಂಡದ್ದು ‘ಪಿ ಕೆ’ ಎಂದು ಶುರುವಾಗಿ ಮುಂದೆ ತಲೆಬುಡವಿಲ್ಲದ ಅಕ್ಷರಗಳ ರಾಶಿ. ‘ನಿಮ್ದು ಡೂಪ್ಲಿಕೇಟು’ ಎಂದು ಜಗಳಕ್ಕೆ ನಿಂತವರೂ ಇದ್ದರು. ನಿಜ ಏನೆಂದರೆ ಹಾಗೆ ಕಾಣುವುದೇ ಅಸಲಿಯ ಲಕ್ಷಣ. ಕುಗ್ಗಿಸಿ ಕಟ್ಟಿದ ಜಿಪ್ ಕಡತಗಳೆಲ್ಲ ಆ ಎರಡಕ್ಷರದಿಂದಲೇ ಶುರುವಾಗುತ್ತವೆ. ಇದಕ್ಕೆ ತಿರುಗುಮುರುಗಾದದ್ದನ್ನು ನೆನಪಿಡುವುದು ಹೆಚ್ಚು ಉಪಯೋಗ: ಸ್ಕ್ಯಾನ್ ಮಾಡಿದ ತಕ್ಷಣ ಯಾವುದೋ ವೆಬ್‌ಸೈಟ್ ತೆರೆದುಕೊಂಡು, ಅದರಲ್ಲಿ ಹಸಿರು ಟಿಕ್ ಮಾರ್ಕ್ ಹೊಳೆದರೆ ಅನುಮಾನ ಪಡಬೇಕು. ಕೋವಿಡ್ ಲಸಿಕೆಯ ಸರ್ಕಾರಿ ಪೋರ್ಟಲ್ ಕೋವಿನ್‌ನ ನಿಜವಾದ ಚೌಕ ಯಾವ ವೆಬ್‌ಸೈಟಿಗೂ ಕರೆದುಕೊಂಡು ಹೋಗುವುದಿಲ್ಲ. ನಕಲಿ ಮಾಡುವವನು ಸಹಿಯನ್ನು ನಕಲು ಮಾಡಲಾರ, ಆದರೆ ಹಸಿರು ಟಿಕ್ ಇರುವ ಒಂದು ಪುಟವನ್ನು ಸಲೀಸಾಗಿ ಮಾಡಿಬಿಡಬಲ್ಲ.

ಸರಿಯಾಗಿ ಪರೀಕ್ಷಿಸಲು ಇದ್ದ ದಾರಿ ಕೋವಿನ್‌ನದೇ ವೆರಿಫೈ ಪುಟ. ಸರ್ಕಾರಿ ವಿಳಾಸವನ್ನು ಬ್ರೌಸರಿನಲ್ಲಿ ನಾವೇ ಟೈಪ್ ಮಾಡಿ ತೆರೆಯಬೇಕು, ಕ್ಯಾಮೆರಾಕ್ಕೆ ಅನುಮತಿ ಕೊಡಬೇಕು, ಚೌಕದ ಮುಂದೆ ಹಿಡಿಯಬೇಕು. ಸಹಿ ಹೊಂದಿದರೆ ಹೆಸರು, ವಯಸ್ಸು, ಲಸಿಕೆ, ದಿನಾಂಕ ತೆರೆಯ ಮೇಲೆ ಬರುತ್ತದೆ. ಹೊಂದದಿದ್ದರೆ ಅಮಾನ್ಯ ಎನ್ನುತ್ತದೆ. ಇದಕ್ಕೆ ಬೇರೆ ಯಂತ್ರ ಬೇಡ, ಕಂಪನಿಯ ಲೈಸೆನ್ಸ್ ಬೇಡ, ಸೆಕ್ಯುರಿಟಿಯವರ ಕೈಲಿರುವ ಸಾಧಾರಣ ಸ್ಮಾರ್ಟ್‌ಫೋನ್ ಸಾಕಿತ್ತು. ಅವರ ಕೈಗೆ ಕೊಟ್ಟದ್ದು ಮಾತ್ರ ಒಂದು ಉದ್ದ ರಿಜಿಸ್ಟರ್ ಮತ್ತು ದಾರ ಕಟ್ಟಿದ ಪೆನ್ನು.

ಸಹಿ ಹೊಂದಿತು ಎಂದಾದರೆ ಕಾಗದ ಅಸಲಿ ಎಂದಷ್ಟೇ ಅರ್ಥ. ಅದನ್ನು ಹಿಡಿದು ನಿಂತವನು ಅದರಲ್ಲಿರುವ ವ್ಯಕ್ತಿಯೇ ಎಂದು ಹೇಳಲು ಆ ಚೌಕಕ್ಕೆ ಸಾಧ್ಯವಿಲ್ಲ, ಅದರಲ್ಲಿ ಮುಖವಿಲ್ಲ. ಅಣ್ಣನ ಸರ್ಟಿಫಿಕೇಟಿನಲ್ಲಿ ತಮ್ಮ ಸಿನಿಮಾ ನೋಡಿ ಬರಬಹುದು. ಆದ್ದರಿಂದ ಫೋಟೊ ಇರುವ ಒಂದು ಗುರುತಿನ ಚೀಟಿಯನ್ನು ಜೊತೆಗೆ ನೋಡದೆ ಮಾಡುವ ತಪಾಸಣೆ ಅರ್ಧ ತಪಾಸಣೆ. ಚಾಲನಾ ಪರವಾನಗಿ ಸಾಕು. ಪ್ರತಿ ಬಾಗಿಲಲ್ಲೂ ಆಧಾರ್ ಹೊರತೆಗೆಯುವ ಅಭ್ಯಾಸ ಒಳ್ಳೆಯದಲ್ಲ.

ಕಾರ್ಡ್ ಮಾಡಿಸಿಕೊಂಡವರ ಪಾಡು

ಆ ದಿನಗಳಲ್ಲಿ ಜೆರಾಕ್ಸ್ ಅಂಗಡಿಗಳಿಗೆ ಸುಗ್ಗಿ. ಪಿಡಿಎಫನ್ನು ವಾಟ್ಸ್‌ಆ್ಯಪಿನಲ್ಲಿ ಕಳಿಸಿದರೆ ಎಟಿಎಂ ಕಾರ್ಡಿನ ಅಳತೆಯ ಪ್ಲಾಸ್ಟಿಕ್ ಕಾರ್ಡ್ ಮಾಡಿಕೊಡುತ್ತಿದ್ದರು. ಪರ್ಸಿನಲ್ಲಿ ಕೂರುತ್ತದೆ, ನೆನೆಯುವುದಿಲ್ಲ, ನೋಡಲು ಗತ್ತು. ತೊಂದರೆ ಆ ಚೌಕದ್ದೇ. ಅಷ್ಟೊಂದು ವಿವರ ತುಂಬಿದ್ದರಿಂದ ಅದರ ಚುಕ್ಕೆಗಳು ಮೊದಲೇ ಬಹಳ ದಟ್ಟ. ಉಗುರಿನಷ್ಟಗಲಕ್ಕೆ ಕುಗ್ಗಿಸಿ, ಮೇಲೆ ಹೊಳೆಯುವ ಪ್ಲಾಸ್ಟಿಕ್ ಹೊದಿಸಿದರೆ ಕ್ಯಾಮೆರಾಕ್ಕೆ ಕಾಣುವುದು ಬರೀ ಬೂದುಬಣ್ಣ. ಯಾರೂ ಸ್ಕ್ಯಾನ್ ಮಾಡದ ಕಾರಣ ಇದು ಯಾರಿಗೂ ಗೊತ್ತಾಗಲಿಲ್ಲ ಅಷ್ಟೆ. ಅಂಗಡಿಯವನ ಕಂಪ್ಯೂಟರಿನಲ್ಲಿ ಊರಿನವರ ಹೆಸರು, ವಯಸ್ಸು, ಗುರುತು ಸಂಖ್ಯೆಗಳೆಲ್ಲ ಸಾಲಾಗಿ ಉಳಿದದ್ದು ಇನ್ನೊಂದು ಕಥೆ.

ಪ್ರಿಂಟ್ ಬೇಕೇಬೇಕು ಅನ್ನುವವರು ಎ-4 ಹಾಳೆಯಲ್ಲಿ ಪೂರ್ತಿ ಅಳತೆಗೆ, ಲೇಸರ್ ಪ್ರಿಂಟರಿನಲ್ಲಿ ತೆಗೆಸಿ, ಚೌಕದ ಮೇಲೆ ಮಡಿಕೆ ಬೀಳದಂತೆ ಮಡಚಿಡಿ. ಲ್ಯಾಮಿನೇಷನ್ ಬೇಡ. ಅಂಗಡಿಯಲ್ಲಿ ಕೆಲಸ ಮುಗಿದ ಮೇಲೆ ಆ ಕಡತವನ್ನು ನಿಮ್ಮೆದುರಿಗೇ ಅಳಿಸಲು ಹೇಳಿ. ಕೇಳುವುದಕ್ಕೆ ಸಂಕೋಚ ಬೇಡ. ಮೊಬೈಲಿನಲ್ಲಿ ತೋರಿಸುವವರು ಸ್ಕ್ರೀನ್‌ಶಾಟಿಗಿಂತ ಮೂಲ ಪಿಡಿಎಫನ್ನೇ ಇಟ್ಟುಕೊಳ್ಳಿ. ವಾಟ್ಸ್‌ಆ್ಯಪಿನಲ್ಲಿ ಚಿತ್ರವಾಗಿ ಓಡಾಡಿದ ಚೌಕ ಪ್ರತಿ ಸಲವೂ ಒಂದಿಷ್ಟು ಮಸುಕಾಗುತ್ತದೆ.

ಯಾರ ನಂಬರಿನಲ್ಲಿ ಲಸಿಕೆ ಹಾಕಿಸಿಕೊಂಡಿರಿ?

ಸರ್ಟಿಫಿಕೇಟ್ ಪಡೆಯಲು ದಾರಿಗಳಿಗೆ ಕೊರತೆ ಇರಲಿಲ್ಲ. ಕೋವಿನ್ ಪೋರ್ಟಲ್, ಆರೋಗ್ಯ ಸೇತು, ಡಿಜಿಲಾಕರ್, ಉಮಂಗ್. 2021ರ ಆಗಸ್ಟಿನಿಂದ 9013151515 ಎಂಬ ಸರ್ಕಾರಿ ವಾಟ್ಸ್‌ಆ್ಯಪ್ ಸಂಖ್ಯೆಗೆ ಒಂದು ಸಂದೇಶ ಕಳಿಸಿದರೂ ಬರುತ್ತಿತ್ತು. ಬಹುಪಾಲು ದಾರಿಗಳು ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: ನೋಂದಣಿ ಮಾಡಿದ ಮೊಬೈಲ್ ಸಂಖ್ಯೆಗೆ ಬರುವ ಒಟಿಪಿ.

ಹೂಟಗಳ್ಳಿಯಂಥ ಕಡೆ ಗಂಟು ಬಿದ್ದದ್ದು ಇಲ್ಲಿಯೇ. ಗುತ್ತಿಗೆ ಕೆಲಸಕ್ಕೆ ಬಂದ ಹುಡುಗರು ಶಿಬಿರದಲ್ಲಿ ಸಾಲಾಗಿ ನಿಂತು ಲಸಿಕೆ ಹಾಕಿಸಿಕೊಂಡಾಗ ಸೂಪರ್‌ವೈಸರನ ನಂಬರನ್ನೇ ಬರೆಸಿದ್ದುಂಟು. ಮನೆಯಲ್ಲಿ ಕೀಪ್ಯಾಡ್ ಫೋನಿನ ಅಜ್ಜಿಗೆ ಪಕ್ಕದ ಮನೆಯ ಹುಡುಗನ ನಂಬರು. ಒಂದು ನಂಬರಿಗೆ ಮೊದಲು ನಾಲ್ಕೇ ಜನ; 2022ರ ಜನವರಿಯಲ್ಲಷ್ಟೇ ಅದು ಆರಕ್ಕೇರಿತು. ಐದು ಜನರ ಕೂಡು ಕುಟುಂಬದಲ್ಲಿ ಐದನೆಯವರು ಯಾರದ್ದೋ ನಂಬರನ್ನು ಆಶ್ರಯಿಸಲೇಬೇಕಿತ್ತು. ಗುತ್ತಿಗೆ ಮುಗಿದು ಹುಡುಗ ಊರು ಬಿಟ್ಟ, ಸಿಮ್ ಬದಲಾಯಿತು, ಸೂಪರ್‌ವೈಸರ್ ಫೋನ್ ಎತ್ತುತ್ತಿಲ್ಲ. ಲಸಿಕೆ ತೋಳಿನೊಳಗಿದೆ, ಅದಕ್ಕೆ ಸಾಕ್ಷಿ ಬೇರೆಯವರ ಫೋನಿನಲ್ಲಿದೆ.

ಇದಕ್ಕೆ ಪೋರ್ಟಲಿನ ‘ರೇಸ್ ಆ್ಯನ್ ಇಶ್ಯೂ’ ಎಂಬ ಭಾಗದಲ್ಲಿ ದಾರಿ ಮಾಡಿದ್ದರು. ಒಬ್ಬ ಸದಸ್ಯರನ್ನು ಹೊಸ ಮೊಬೈಲ್ ಸಂಖ್ಯೆಗೆ ವರ್ಗಾಯಿಸುವುದು, ನಿಮ್ಮ ನಂಬರಿನಲ್ಲಿ ಅಪರಿಚಿತರು ಸೇರಿಕೊಂಡಿದ್ದರೆ ದೂರುವುದು ಅಲ್ಲೇ. ಇನ್ನೂ ಹೆಚ್ಚು ಜನರನ್ನು ಕಾಡಿದ ತೊಡಕೊಂದಿದೆ. ಮೊದಲ ಡೋಸನ್ನು ಒಂದು ನಂಬರಿನಲ್ಲಿ, ಎರಡನೆಯದನ್ನು ಇನ್ನೊಂದು ನಂಬರಿನಲ್ಲಿ ಹಾಕಿಸಿಕೊಂಡರೆ ಕೋವಿನ್ ಲೆಕ್ಕದಲ್ಲಿ ನೀವು ಇಬ್ಬರು. ಇಬ್ಬರಿಗೂ ಒಂದೊಂದೇ ಡೋಸ್. ಕೈಲಿ ಎರಡು ತಾತ್ಕಾಲಿಕ ಪತ್ರ, ಬಾಗಿಲಲ್ಲಿ ಪ್ರವೇಶವಿಲ್ಲ. ಎರಡನ್ನೂ ಕೂಡಿಸಿ ಒಂದು ಮಾಡುವ ಆಯ್ಕೆಯೂ ಆ ಭಾಗದಲ್ಲೇ ಇತ್ತು. ಹೆಸರು, ಹುಟ್ಟಿದ ವರ್ಷ, ಲಿಂಗ ತಪ್ಪಿದ್ದರೆ ತಿದ್ದಿಕೊಳ್ಳಬಹುದಿತ್ತು, ಆದರೆ ಒಂದೇ ಸಲ. ಅವಸರದಲ್ಲಿ ತಿದ್ದಿ ಇನ್ನೊಂದು ತಪ್ಪು ಮಾಡಿಕೊಂಡರೆ ಮತ್ತೆ ಅವಕಾಶವಿಲ್ಲ ಎಂಬುದನ್ನು ಪುಟದಲ್ಲಿ ಬರೆದಿದ್ದರೂ ಓದಿದವರು ಎಷ್ಟು ಜನ?

ಇನ್ನೊಂದು ಬಗೆಯ ತಪ್ಪಿನಲ್ಲಿ ಲಸಿಕೆಯನ್ನೇ ಹಾಕಿಸಿಕೊಂಡಿರಲಿಲ್ಲ, ಆದರೂ ‘ಎರಡನೇ ಡೋಸ್ ಯಶಸ್ವಿ’ ಎಂಬ ಸಂದೇಶ ಬಂದಿತ್ತು. ಹೇಗೂ ಸರ್ಟಿಫಿಕೇಟ್ ಬಂತಲ್ಲ ಎಂದು ಸುಮ್ಮನಾದವರೂ ಇದ್ದರು. ಇದರಿಂದ ಆಗುವ ನಷ್ಟ ನಮಗೇ. ನಿಜವಾಗಿ ಹಾಕಿಸಿಕೊಳ್ಳಲು ಹೋದರೆ ‘ನಿಮ್ಮದಾಗಿದೆ’ ಅನ್ನುತ್ತಿದ್ದರು. 2022ರ ಜನವರಿಯಲ್ಲಿ ಇಂಥ ತಪ್ಪು ನಮೂದನ್ನು ರದ್ದು ಮಾಡಿಸಿ ಮತ್ತೆ ಲಸಿಕೆ ಪಡೆಯುವ ಸೌಲಭ್ಯ ಬಂತು; ಸರಿಯಾಗಲು ಮೂರರಿಂದ ಏಳು ದಿನ ಹಿಡಿಯುತ್ತದೆಂದು ಆರೋಗ್ಯ ಸಚಿವಾಲಯ ಹೇಳಿತ್ತು.

ಇವತ್ತಿಗೂ ಮಾಡಬಹುದಾದ ಕೆಲಸ ಒಂದಿದೆ. ಹಳೆಯ ನಂಬರು ಇನ್ನೂ ಜೀವಂತವಾಗಿದ್ದರೆ, ಮನೆಯವರೆಲ್ಲರ ಅಂತಿಮ ಪ್ರಮಾಣಪತ್ರವನ್ನು ಒಮ್ಮೆ ಇಳಿಸಿಕೊಂಡು ಡಿಜಿಲಾಕರಿನಲ್ಲೋ ಪೆನ್‌ಡ್ರೈವಿನಲ್ಲೋ ಹಾಕಿಡಿ. ಉಲ್ಲೇಖ ಸಂಖ್ಯೆಯನ್ನು ಡೈರಿಯಲ್ಲಿ ಬರೆದುಕೊಳ್ಳಿ. ಸಿಮ್ ಬದಲಿಸುವ ಮುನ್ನ ಈ ಕೆಲಸ ಆಗಬೇಕು, ಆಮೇಲಲ್ಲ.

ಬಾಗಿಲು ಯಾರಿಗೆ ಮುಚ್ಚಿತ್ತು

ಡಿಸೆಂಬರ್ 3ರ ಆದೇಶವನ್ನು ಕ್ಯಾಲೆಂಡರ್ ಪಕ್ಕದಲ್ಲಿಟ್ಟು ಓದಿದರೆ ಒಂದು ಸಂಗತಿ ಕಾಣುತ್ತದೆ. ಮೇ 13ರಿಂದ ಕೋವಿಶೀಲ್ಡ್ ಡೋಸ್‌ಗಳ ನಡುವಿನ ಅಂತರ 12ರಿಂದ 16 ವಾರ. ಕಡಿಮೆಯೆಂದರೆ 84 ದಿನ. ಡಿಸೆಂಬರ್ 3ರಿಂದ 84 ದಿನ ಹಿಂದಕ್ಕೆ ಎಣಿಸಿದರೆ ಸೆಪ್ಟೆಂಬರ್ 10. ಅದರ ನಂತರ ಮೊದಲ ಡೋಸ್ ಪಡೆದ ಸಾಮಾನ್ಯ ಮನುಷ್ಯ ಆದೇಶ ಬಂದ ದಿನ ತಲೆಕೆಳಗಾಗಿ ನಿಂತರೂ ‘ಪೂರ್ಣ ಲಸಿಕೆ’ ಆದವನಾಗಲಾರ. ಹಿಂಜರಿದವನಲ್ಲ, ವಿರೋಧಿಸಿದವನಲ್ಲ, ಸರ್ಕಾರ ಹೇಳಿದಷ್ಟು ದಿನ ಕಾಯುತ್ತಿದ್ದವನು. ಕೋವಿಡ್ ಬಂದು ಹೋದವರಿಗೆ ಗುಣವಾದ ಮೇಲೆ ಮೂರು ತಿಂಗಳು ಲಸಿಕೆ ಬೇಡವೆಂದು ಹೇಳಿದ್ದೂ ಸರ್ಕಾರವೇ. ಅವರಿಗೂ ಬಾಗಿಲಲ್ಲಿ ಬೇರೆ ಉತ್ತರ ಇರಲಿಲ್ಲ. ಕೋವ್ಯಾಕ್ಸಿನ್ ಪಡೆದವನಿಗೆ ನಾಲ್ಕರಿಂದ ಆರು ವಾರದಲ್ಲಿ ಎರಡೂ ಮುಗಿಯುತ್ತಿತ್ತು. ಯಾವ ಕೇಂದ್ರದಲ್ಲಿ ಯಾವ ಸೀಸೆ ಸಿಕ್ಕಿತು ಎಂಬುದರ ಮೇಲೆ ಸಿನಿಮಾ ನೋಡುವ ಹಕ್ಕು ನಿಂತಿತ್ತು ಅಂದರೆ ತಮಾಷೆ ಅನ್ನಿಸಬಹುದು, ಆದರೆ ಲೆಕ್ಕ ಅದೇ.

ಮಕ್ಕಳ ವಿಷಯವೂ ಹೀಗೆ. 15ರಿಂದ 18ರ ವಯಸ್ಸಿನವರಿಗೆ ಲಸಿಕೆ ಶುರುವಾದದ್ದೇ 2022ರ ಜನವರಿ 3ರಿಂದ, 12ರಿಂದ 14ರವರಿಗೆ ಮಾರ್ಚ್ 16ರಿಂದ. ಇಲ್ಲದ ಲಸಿಕೆಯ ಸರ್ಟಿಫಿಕೇಟನ್ನು ಮಗುವಿನಿಂದ ಕೇಳುವಂತಿರಲಿಲ್ಲ. ಆದ್ದರಿಂದ ಶಾಲಾ ಕಾಲೇಜಿಗೆ ಹೋಗುವ ಮಕ್ಕಳ ತಂದೆ ತಾಯಿಗೆ ಎರಡೂ ಡೋಸ್ ಆಗಿರಬೇಕು ಎಂದು ಆದೇಶ ಹೇಳಿತು.

ಆದೇಶದಲ್ಲಿ ಇಲ್ಲದ್ದನ್ನೂ ಕೇಳಿದವರಿದ್ದರು. ಪಕ್ಕದ ಚಾಮರಾಜನಗರದಲ್ಲಿ 2021ರ ಆಗಸ್ಟ್ ಕೊನೆಗೆ ‘ಲಸಿಕೆ ಇಲ್ಲದಿದ್ದರೆ ರೇಷನ್ ಇಲ್ಲ, ಪಿಂಚಣಿ ಇಲ್ಲ’ ಎಂಬ ಮಾತು ಹೊರಟು ಭಾರಿ ಟೀಕೆಗೆ ಗುರಿಯಾಯಿತು. ಇಂಥ ಕಡೆ ಮಾಡಬೇಕಾದದ್ದು ಸರಳ: ಯಾವ ಆದೇಶ, ಯಾವ ದಿನಾಂಕ, ಯಾರ ಸಹಿ ಎಂದು ಕೇಳುವುದು. ಮಾಲ್‌ಗೆ ಇದ್ದ ನಿಯಮ ನ್ಯಾಯಬೆಲೆ ಅಂಗಡಿಗೆ ತಾನಾಗಿ ಅನ್ವಯವಾಗುವುದಿಲ್ಲ. ಸಿನಿಮಾ ಬಿಟ್ಟು ಇರಬಹುದು, ಅಕ್ಕಿ ಬಿಟ್ಟು ಇರಲಾಗದು.

ಕಾನೂನಿನ ಮಾತು ಬಂದಾಗ ಎರಡು ತೀರ್ಪುಗಳನ್ನು ನೆನಪಿಟ್ಟುಕೊಂಡರೆ ಸಾಕು. 2021ರ ಜೂನಿನಲ್ಲಿ ಮೇಘಾಲಯ ಹೈಕೋರ್ಟ್, ಲಸಿಕೆಯನ್ನು ಬಲವಂತದಿಂದ ಹೇರುವಂತಿಲ್ಲ ಎಂದಿತು. ಬದಲಿಗೆ ಅದು ಸೂಚಿಸಿದ ದಾರಿ ನನಗೆ ಹಿಡಿಸಿತು: ಅಂಗಡಿಯ ಸಿಬ್ಬಂದಿಗೆಲ್ಲ ಲಸಿಕೆ ಆಗಿದ್ದರೆ ಅದನ್ನು ಎದ್ದು ಕಾಣುವಂತೆ ಬೋರ್ಡಿನಲ್ಲಿ ಬರೆದು ಹಾಕಲಿ, ಒಳಗೆ ಬರುವುದು ಬಿಡುವುದು ಗಿರಾಕಿಗೆ ಬಿಟ್ಟದ್ದು. 2022ರ ಮೇ 2ರಂದು ಜೇಕಬ್ ಪುಲಿಯೆಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಯಾರನ್ನೂ ಲಸಿಕೆಗೆ ಬಲವಂತ ಮಾಡುವಂತಿಲ್ಲ, ಮೈಮೇಲಿನ ಹಕ್ಕು ಸಂವಿಧಾನದ 21ನೇ ವಿಧಿಯಲ್ಲಿ ಬರುತ್ತದೆ ಎಂದು ಹೇಳಿತು. ಸೋಂಕು ಕಡಿಮೆ ಇರುವಾಗ ಲಸಿಕೆ ಆಗದವರನ್ನು ಸಾರ್ವಜನಿಕ ಜಾಗಗಳಿಂದ ಹೊರಗಿಡುವ ನಿರ್ಬಂಧಗಳು ಹದ ಮೀರಿದವು, ಅವನ್ನು ಮರುಪರಿಶೀಲಿಸಿ ಎಂದೂ ಸೂಚಿಸಿತು. ಹಾಗೆಂದು ಸಾಂಕ್ರಾಮಿಕದ ಕಾಲದಲ್ಲಿ ಸರ್ಕಾರ ಯಾವ ನಿರ್ಬಂಧವನ್ನೂ ಹಾಕಬಾರದು ಎಂದು ಕೋರ್ಟ್ ಹೇಳಲಿಲ್ಲ. ರೋಗದ ತೀವ್ರತೆಗೆ ತಕ್ಕ ಅಳತೆಯಲ್ಲಿರಬೇಕು ಎಂದಿತು. ಮುಂದಿನ ಸಲ ಬಾಗಿಲಲ್ಲಿ ಜಗಳ ಹತ್ತಿದರೆ ವಾದ ನಡೆಯಬೇಕಾದದ್ದು ಆ ಅಳತೆಯ ಸುತ್ತ.

ನೋಡಲಿ, ಒಯ್ಯುವುದು ಬೇಡ

ಈ ಇಡೀ ವ್ಯವಹಾರದಲ್ಲಿ ನಾವು ಕೈ ಸುಟ್ಟುಕೊಂಡದ್ದು ಬಾಗಿಲಲ್ಲಲ್ಲ, ವಾಟ್ಸ್‌ಆ್ಯಪಿನಲ್ಲಿ. ಅಪಾರ್ಟ್‌ಮೆಂಟಿನ ಗ್ರೂಪಿಗೆ ಪಿಡಿಎಫ್ ಹಾಕಿ, ಗುತ್ತಿಗೆದಾರನಿಗೆ ಕಳಿಸಿ, ಮದುವೆ ಛತ್ರದವರಿಗೆ ಕೊಡಿ, ಟ್ಯೂಷನ್ನಿಗೆ ಕೊಡಿ. ಮೊದಲ ಡೋಸಿನ ಖುಷಿಗೆ ಸ್ಟೇಟಸ್ಸಿನಲ್ಲಿ ಹಾಕಿಕೊಂಡವರಂತೂ ಎಣಿಕೆಯಿಲ್ಲ. 2021ರ ಮೇ ತಿಂಗಳಲ್ಲೇ ಗೃಹ ಸಚಿವಾಲಯದ ಸೈಬರ್ ಸುರಕ್ಷತಾ ಖಾತೆ ಹೀಗೆ ಹಂಚಬೇಡಿ ಎಂದು ಎಚ್ಚರಿಸಿತ್ತು.

ಹೆಸರಿನ ಮೇಲೆ ಕಪ್ಪು ಬಳಿದು ಚೌಕವನ್ನು ಹಾಗೇ ಬಿಡುವ ಜಾಣತನದಿಂದ ಏನೂ ಸಾಧಿಸಿದಂತಾಗುವುದಿಲ್ಲ. ಮುಚ್ಚಿದ ಹೆಸರು ಆ ಚೌಕದೊಳಗೂ ಇದೆ. ಚೌಕ ಕೊಟ್ಟರೆ ಎಲ್ಲ ಕೊಟ್ಟ ಹಾಗೆ. ಆಧಾರ್ ತೋರಿಸಿ ನೋಂದಾಯಿಸಿದ್ದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತದೆ. ಬೇರೆ ಗುರುತಿನ ಚೀಟಿ ಕೊಟ್ಟಿದ್ದರೆ ಎಷ್ಟು ಅಂಕಿ ಕಾಣುತ್ತಿದೆ ಎಂದು ಈಗಲೇ ಒಮ್ಮೆ ನೋಡಿಕೊಳ್ಳಿ.

ಮೈಸೂರಿನವರಿಗೆ ಇದನ್ನು ವಿವರಿಸಲು ಹೆಚ್ಚು ದೂರ ಹೋಗಬೇಕಿಲ್ಲ. ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ತಯಾರಾಗುವುದು ಇಲ್ಲಿಯ ಮೈಸೂರು ಪೇಂಟ್ಸ್ ಆ್ಯಂಡ್ ವಾರ್ನಿಷ್ ಕಾರ್ಖಾನೆಯಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ ಶುರುವಾದ ಕಾರ್ಖಾನೆ ಅದು. 1962ರ ಚುನಾವಣೆಯಿಂದ ಶಾಯಿ ಕೊಡುತ್ತಿದೆ. ಬೆರಳಿನ ಆ ಗೆರೆ ಹೇಳುವುದು ಒಂದೇ ಮಾತು: ಈತ ಮತ ಹಾಕಿದ್ದಾನೆ. ಹೆಸರು ಹೇಳುವುದಿಲ್ಲ, ವಯಸ್ಸು ಹೇಳುವುದಿಲ್ಲ, ಯಾರಿಗೆ ಹಾಕಿದ ಎನ್ನುವುದಂತೂ ಇಲ್ಲವೇ ಇಲ್ಲ. ಚಿತ್ರಮಂದಿರದ ಬಾಗಿಲಿಗೆ ಬೇಕಾಗಿದ್ದದ್ದೂ ಇಷ್ಟೇ: ಆಗಿದೆಯೋ ಇಲ್ಲವೋ. ಅಂಥ ಏರ್ಪಾಡು ಇರಲಿಲ್ಲ ಎಂದಲ್ಲ. 2021ರ ಸೆಪ್ಟೆಂಬರಿನಲ್ಲಿ ಕೋವಿನ್ ಒಂದು ಸೌಲಭ್ಯ ತಂದಿತ್ತು. ಸಂಸ್ಥೆಯವರು ನಿಮ್ಮ ಹೆಸರು, ಮೊಬೈಲ್ ಸಂಖ್ಯೆ ಹಾಕಿದರೆ ನಿಮಗೆ ಒಟಿಪಿ ಬರುತ್ತದೆ. ಅದನ್ನು ನೀವು ಹೇಳಿದರೆ ಅವರಿಗೆ ಸಿಗುವುದು ಒಂದೇ ಅಂಕಿ: ಸೊನ್ನೆ, ಒಂದು ಅಥವಾ ಎರಡು. ಲಸಿಕೆ ಆಗಿಲ್ಲ, ಅರ್ಧ ಆಗಿದೆ, ಪೂರ್ತಿ ಆಗಿದೆ. ಚೆನ್ನಾಗಿಯೇ ಯೋಚಿಸಿದ್ದರು. ಆದರೆ ನಮ್ಮ ಕಚೇರಿಗಳಿಗೆ ಒಂದು ಅಂಕಿಯಿಂದ ಸಮಾಧಾನವಿಲ್ಲ, ಫೈಲಿಗೆ ಜೆರಾಕ್ಸ್ ಬೇಕು.

ಹೀಗೆ ಕಂಡಕಂಡಲ್ಲಿ ಕೂಡಿಟ್ಟ ವಿವರ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ 2023ರ ಜೂನಿನಲ್ಲಿ ಎಲ್ಲರನ್ನೂ ಬೆಚ್ಚಿಬೀಳಿಸಿತು. ಟೆಲಿಗ್ರಾಮಿನ ಒಂದು ಬಾಟ್‌ಗೆ ಮೊಬೈಲ್ ಸಂಖ್ಯೆ ಕೊಟ್ಟರೆ ಅದರಲ್ಲಿ ಲಸಿಕೆಗೆ ನೋಂದಾಯಿಸಿದವರ ಹೆಸರು, ಗುರುತಿನ ಚೀಟಿಯ ಸಂಖ್ಯೆ, ಲಸಿಕೆ ಪಡೆದ ಜಾಗ ಹೊರಬರುತ್ತಿತ್ತು. ಕೋವಿನ್ ಪೋರ್ಟಲ್ ಸುರಕ್ಷಿತವಾಗಿದೆ ಎಂದು ಆರೋಗ್ಯ ಸಚಿವಾಲಯ ಹೇಳಿತು, ತನಿಖೆ ನಡೆದು ಬಂಧನವೂ ಆಯಿತು. ಅದೇ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಯಾವ ಕೆಲಸಕ್ಕೆಂದು ವಿವರ ಪಡೆದರೋ ಆ ಕೆಲಸಕ್ಕೇ ಬಳಸಬೇಕು, ಕೆಲಸ ಮುಗಿದ ಮೇಲೆ ಅಳಿಸಬೇಕು ಎಂಬುದು ಅದರ ತಿರುಳು.

ಆದ್ದರಿಂದ ಬಾಗಿಲಲ್ಲಿ ಕೇಳಿದರೆ ನಿಮ್ಮ ಕೈಯಲ್ಲೇ ಮೊಬೈಲ್ ಹಿಡಿದು ತೋರಿಸಿ. ಸ್ಕ್ಯಾನ್ ಮಾಡುತ್ತೇವೆಂದರೆ ಮಾಡಲಿ, ಅದು ಒಳ್ಳೆಯದೇ. ಫೋಟೊ ತೆಗೆದುಕೊಳ್ಳುತ್ತೇವೆ ಅಂದರೆ ಯಾಕೆ ಎಂದು ಕೇಳಿ. ರಿಜಿಸ್ಟರಿನಲ್ಲಿ ಬರೆಯಬೇಕು ಅಂದರೆ ‘ನೋಡಿದೆ’ ಎಂಬ ಒಂದು ಗುರುತು ಸಾಕಲ್ಲ ಎಂದು ಹೇಳಿ. ಕೆಲಸ ಕೊಡುವ ಕಂಪನಿಯ ಮುಂದೆ ಇಷ್ಟು ಗಟ್ಟಿ ನಿಲ್ಲುವುದು ಗುತ್ತಿಗೆ ಹುಡುಗನಿಗೆ ಸಾಧ್ಯವಿಲ್ಲ, ಗೊತ್ತು. ಅಲ್ಲಿ ಮಾತಾಡಬೇಕಾದವರು ಕಾರ್ಮಿಕ ಸಂಘದವರು. ಪ್ರತಿಯ ಬದಲು ನೋಡಿ ದಾಖಲಿಸುವ ಪದ್ಧತಿ ತರುವುದು ಒಂದು ಸುತ್ತೋಲೆಯ ಕೆಲಸ.

ಗಡಿ ದಾಟುವವರಿಗೆ

ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನ ಬಾವಲಿ, ಮಂಗಳೂರು ಕಡೆಯ ತಲಪಾಡಿ, ಈ ಎರಡು ಚೆಕ್‌ಪೋಸ್ಟುಗಳಲ್ಲಿ ನಿಂತವರಿಗೆ ಸರ್ಟಿಫಿಕೇಟಿನ ಬೆಲೆ ಎಷ್ಟು ಬೇಗ ಏರಿಳಿಯುತ್ತದೆ ಎಂಬುದು ಗೊತ್ತು. 2021ರ ಆಗಸ್ಟಿನಿಂದ ಕೇರಳದಿಂದ ಬರುವವರಿಗೆ ಎರಡು ಡೋಸ್ ಆಗಿದ್ದರೂ 72 ಗಂಟೆಯೊಳಗಿನ ಆರ್‌ಟಿ-ಪಿಸಿಆರ್ ವರದಿ ಬೇಕಿತ್ತು. ದಿನಾ ಮಂಗಳೂರಿಗೆ ಓಡಾಡುವ ಕಾಸರಗೋಡಿನ ಕನ್ನಡಿಗರಿಗೆ ಲಸಿಕೆ ಸರ್ಟಿಫಿಕೇಟ್ ಆಗ ಬರೀ ಕಾಗದ. 2022ರ ಫೆಬ್ರುವರಿಯಲ್ಲಿ ವರದಿ ಬೇಡ ಎಂದಾಯಿತು, ಅದೇ ಸರ್ಟಿಫಿಕೇಟ್ ಸಾಕಾಯಿತು.

ವಿದೇಶಕ್ಕೆ ಹೊರಟವರ ಕಷ್ಟ ಬೇರೆ. 2021ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಕೋವಿಶೀಲ್ಡನ್ನು ಒಪ್ಪಿತು, ಭಾರತದ ಸರ್ಟಿಫಿಕೇಟನ್ನು ಒಪ್ಪಲಿಲ್ಲ. ನಮ್ಮ ಪತ್ರದಲ್ಲಿ ವಯಸ್ಸು ಇತ್ತು, ಹುಟ್ಟಿದ ದಿನಾಂಕ ಇರಲಿಲ್ಲ. ಭಾರತವೂ ಅಕ್ಟೋಬರ್ 4ರಿಂದ ಬ್ರಿಟಿಷರಿಗೆ ಕ್ವಾರಂಟೈನ್ ಹಾಕಿ ಏಟಿಗೆ ಏಟು ಕೊಟ್ಟಿತು. 11ರಿಂದ ಬ್ರಿಟನ್ ಸಡಿಲಿಸಿತು. ಈ ನಡುವೆ ಕೋವಿನ್‌ನಲ್ಲಿ ಪಾಸ್‌ಪೋರ್ಟ್ ಸಂಖ್ಯೆಯ ಜೊತೆ ಪೂರ್ತಿ ಜನ್ಮದಿನಾಂಕವನ್ನೂ ಸೇರಿಸಿದ ಅಂತರರಾಷ್ಟ್ರೀಯ ಪ್ರಮಾಣಪತ್ರ ಬಂತು. ನಮ್ಮವರಿಗೆ ಹೆಚ್ಚು ಕಾಟ ಕೊಟ್ಟದ್ದು ಇನಿಶಿಯಲ್. ಆಧಾರಿನಲ್ಲಿ ಹೆಸರಿನ ಹಿಂದೆ ಊರು ಮತ್ತು ಅಪ್ಪನ ಹೆಸರಿನ ಮೊದಲಕ್ಷರ, ಪಾಸ್‌ಪೋರ್ಟಿನಲ್ಲಿ ಅದನ್ನೇ ಬಿಡಿಸಿ ಬರೆದ ಕುಲನಾಮ. ಎರಡೂ ಒಬ್ಬರದೇ ಎಂದು ಲಂಡನ್ನಿನ ಅಧಿಕಾರಿಗೆ ವಿವರಿಸುವುದಕ್ಕಿಂತ, ಯಾವುದೇ ಲಸಿಕೆಗೆ ನೋಂದಾಯಿಸುವಾಗ ಪಾಸ್‌ಪೋರ್ಟಿನಲ್ಲಿರುವ ಹಾಗೆಯೇ ಹೆಸರು ಬರೆಸುವುದು ಮೇಲು.

ಆಫ್ರಿಕಾ, ದಕ್ಷಿಣ ಅಮೆರಿಕದ ಹಲವು ದೇಶಗಳಿಗೆ ಕೆಲಸದ ಮೇಲೆ ಹೋಗುವವರಿಗೆ ಹಳದಿ ಜ್ವರದ ಲಸಿಕೆ ಪತ್ರ ಇಂದಿಗೂ ಬೇಕು. ಲಸಿಕೆ ಹಾಕಿದ ಹತ್ತನೆಯ ದಿನದಿಂದ ಅದು ಊರ್ಜಿತ. ನಾಳೆ ವಿಮಾನ, ಇವತ್ತು ಲಸಿಕೆ ಎಂದರೆ ನಡೆಯುವುದಿಲ್ಲ. 2016ರ ಜುಲೈಯಿಂದ ಒಮ್ಮೆ ಪಡೆದ ಪತ್ರ ಜೀವಮಾನಕ್ಕೆ ಸಾಕು. ಅಲ್ಲಿಂದ ಹಿಂದಿರುಗುವಾಗ ಭಾರತದ ವಿಮಾನ ನಿಲ್ದಾಣದಲ್ಲೂ ಅದನ್ನೇ ಕೇಳುತ್ತಾರೆ. ಇದು ಇನ್ನೂ ಹಳದಿ ಪುಸ್ತಕವೇ, ಮೊಬೈಲಿನಲ್ಲಲ್ಲ.

ಲಸಿಕೆ ಹಾಕಿಸಿಕೊಂಡದ್ದನ್ನು ತೋರಿಸುವ ಅಭ್ಯಾಸಕ್ಕೆ ಮೈಸೂರಿನಲ್ಲಿ ಇನ್ನೂರು ವರ್ಷ ದಾಟಿರಬಹುದು. ಥಾಮಸ್ ಹಿಕಿ ಎಂಬ ಐರಿಷ್ ಚಿತ್ರಕಾರ 1805ರ ಸುಮಾರಿಗೆ ಬರೆದ ಮೂವರು ಅರಸು ಮನೆತನದ ಹೆಂಗಸರ ಚಿತ್ರವೊಂದಿದೆ. ಒಬ್ಬಾಕೆ ಸೆರಗನ್ನು ಸ್ವಲ್ಪ ಸರಿಸಿ ತೋಳಿನ ಕಡೆ ಕೈ ಮಾಡಿದ್ದಾಳೆ. ಅದು ಸಿಡುಬಿನ ಲಸಿಕೆ ಪಡೆದ ಜಾಗ, ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದ್ದಾರೆ. ಆಮೇಲಿನ ತಲೆಮಾರುಗಳಿಗೆ ತೋಳಿನ ಸಿಡುಬಿನ ಕಲೆಯೇ ಸರ್ಟಿಫಿಕೇಟ್ ಆಗಿತ್ತು. ಕಳೆದುಹೋಗುತ್ತಿರಲಿಲ್ಲ, ಒಟಿಪಿಯೂ ಬೇಕಿರಲಿಲ್ಲ.

ಈಗ ಮನೆಯಲ್ಲಿ ಕೂಸಿದ್ದರೆ ಗಮನಿಸಬೇಕಾದದ್ದು ತಾಯಿ ಕಾರ್ಡ್ ಮತ್ತು ಯು-ವಿನ್. ಕೋವಿನ್ ಮಾದರಿಯಲ್ಲೇ ಮಾಡಿದ ಯು-ವಿನ್‌ನಲ್ಲಿ ಗರ್ಭಿಣಿಯರ ಮತ್ತು ಮಕ್ಕಳ ಲಸಿಕೆಗಳ ಲೆಕ್ಕ ಇರುತ್ತದೆ, ಕ್ಯೂಆರ್ ಇರುವ ಪ್ರಮಾಣಪತ್ರವೂ ಸಿಗುತ್ತದೆ. ನೋಂದಣಿ ಮತ್ತೆ ಮೊಬೈಲ್ ಸಂಖ್ಯೆಯ ಮೇಲೇ. ಹೆರಿಗೆಗೆ ತವರಿಗೆ ಹೋದಾಗ ಅಣ್ಣನದೋ ಆಶಾ ಕಾರ್ಯಕರ್ತೆಯದೋ ನಂಬರು ಕೊಟ್ಟು ಬಂದಿದ್ದರೆ, ಹೂಟಗಳ್ಳಿಗೆ ಮರಳಿದ ಮೇಲೆ ಮುಂದಿನ ಲಸಿಕೆಗೆ ಹೋಗುವ ದಿನ ಹಳೆಯ ದಾಖಲೆಯನ್ನೇ ಹುಡುಕಿಸಿ ಮುಂದುವರಿಸಿ, ಹೊಸದಾಗಿ ನೋಂದಾಯಿಸಬೇಡಿ. ಇಲ್ಲದಿದ್ದರೆ ಒಂದು ಮಗು ಕಂಪ್ಯೂಟರಿನಲ್ಲಿ ಎರಡಾಗುತ್ತದೆ. ಹುಟ್ಟಿದಾಗಿನ ಲಸಿಕೆಗಳು ಆಸ್ಪತ್ರೆಯಲ್ಲಿ ತಾಯಿಯ ಹೆಸರಿನಲ್ಲೇ ನಮೂದಾಗಿರುತ್ತವೆ. ನಾಮಕರಣ ಆಗಿ ಜನನ ಪ್ರಮಾಣಪತ್ರದಲ್ಲಿ ಹೆಸರು ಸೇರಿದ ಮೇಲೆ, ಅದರಲ್ಲಿರುವ ಕಾಗುಣಿತದಲ್ಲೇ ಇಲ್ಲಿಯೂ ಬರೆಸಿ. ತಾಯಿ ಕಾರ್ಡಿನ ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ, ಮೂಲ ಕಾರ್ಡನ್ನು ಮಗು ಶಾಲೆಗೆ ಸೇರಿದ ಮೇಲೂ ಎಸೆಯಬೇಡಿ. ಹತ್ತು ಮತ್ತು ಹದಿನಾರನೇ ವಯಸ್ಸಿನ ಟಿಡಿ ಚುಚ್ಚುಮದ್ದು ಇನ್ನೂ ಬಾಕಿ ಇರುತ್ತದೆ.